ಪೆರಿಟನ್ನಿನಲ್ಲಿ ಇಳಿಯುವವರು

ಲಾಥ್ರಪ್ ಮನೆತನದ ಹೆಸರೆತ್ತಿದರೆ ಓಹಾಯೋದಲ್ಲಿ ಜನ ಮೊದಲು ಟೋಪಿ ತೆಗೆಯುತ್ತಾರೆ, ಆಮೇಲೆ ನಗುತ್ತಾರೆ. ಟೋಪಿ ತೆಗೆಯುವುದು ನಮ್ಮ ಕಬ್ಬಿಣದ ಕುಲುಮೆಗಳಿಗೆ, ಕಲ್ಲಿದ್ದಲ ಗಣಿಗೆ, ರೈಲಿಗೆ, ಶಾಸನಸಭೆಯಲ್ಲಿ ಕುಳಿತಿರುವ ನನ್ನ ತಮ್ಮನಿಗೆ. ನಗುವುದು ಪೆರಿಟನ್ನಿಗೆ. ನಾನಿರುವುದು ಆ ಪೆರಿಟನ್ನಿನಲ್ಲಿಯೇ. ಆದರೂ ನಗುವವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಅವರು ನಗುವ ಆ ತಪ್ಪಿನಿಂದಲೇ ನನ್ನ ಒಲೆ ಉರಿಯುತ್ತಿತ್ತು.

ನಮ್ಮಪ್ಪ ಜೋಸಾಯ ಲಾಥ್ರಪ್ ಕಾಲುವೆಯಲ್ಲಿ ದೋಣಿ ಓಡಿಸಿ ದುಡ್ಡು ಮಾಡಿದವರು. ರೈಲಿನ ಕಾಲ ಬಂದಾಗ ದೋಣಿಗಳನ್ನೆಲ್ಲ ಮಾರಿ, ಸರೋವರದ ದಡದ ಕ್ಲೀವ್‌ಲ್ಯಾಂಡಿನಿಂದ ಬೆಟ್ಟದ ಗಣಿಗಳ ಹಾಲೊವೆಲ್ಲಿನವರೆಗೆ ಹಳಿ ಹಾಕಲು ಹೊರಟರು. ಗಂಡುಮಕ್ಕಳಿಬ್ಬರಲ್ಲಿ ಯಾರು ಗಟ್ಟಿಗ ಎಂದು ನೋಡುವ ಚಪಲ ಅವರಿಗೆ. ಕ್ಲೀವ್‌ಲ್ಯಾಂಡಿನ ತುದಿಯನ್ನು ಅಣ್ಣ ಆರಿನ್‌ಗೆ, ಹಾಲೊವೆಲ್ಲಿನ ತುದಿಯನ್ನು ತಮ್ಮ ಲೂಷಿಯಸ್‌ಗೆ ಕೊಟ್ಟು, ನಡುವೆ ಪೆರಿಟನ್ನಿನಲ್ಲಿ ಸೇರಿಕೊಳ್ಳಿ ಎಂದರು. ಆ ಹೊತ್ತಿಗೆ ಇವರಿಬ್ಬರಿಗೂ ಒಂದು ಕಂದು ಕುದುರೆಯ ವಿಷಯಕ್ಕೆ ಜಗಳವಾಗಿ ಮಾತು ನಿಂತುಹೋಗಿತ್ತು. ಅಣ್ಣ ನಮ್ಮ ರಾಜ್ಯದ ರೂಢಿಯಂತೆ ಹಳಿ ಹಾಕಿದ. ತಮ್ಮನಿಗೆ ಎಲ್ಲವೂ ದೊಡ್ಡದಾಗಿರಬೇಕು, ಅವನು ಪೂರ್ವದ ದೊಡ್ಡ ಕಂಪನಿಗಳನ್ನು ನೋಡಿ ಅಗಲವಾಗಿ ಹಾಕಿದ. "ನಿನ್ನ ಹಳಿ ಎಷ್ಟು ಅಗಲ?" ಎಂದು ಇನ್ನೊಬ್ಬನನ್ನು ಕೇಳಿದರೆ ಮೂಗು ಕೊಯ್ದಂತಾಗುತ್ತದೆ ಎಂಬ ಭಾವನೆ ಇಬ್ಬರಿಗೂ. ಬ್ಯಾಂಡು, ಬಾವುಟ, ಪಾದ್ರಿಯ ಪ್ರಾರ್ಥನೆ ಎಲ್ಲ ಮುಗಿದು ಎರಡು ಹಳಿಗಳು ಎದುರುಬದುರಾದವು. ನೋಡಿದರೆ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ. ಈ ಕಡೆಯ ಇಂಜಿನ್ನು ಆ ಕಡೆಗೆ ಹೋಗುವಂತಿಲ್ಲ, ಆ ಕಡೆಯದು ಈ ಕಡೆಗೆ ಬರುವಂತಿಲ್ಲ. ಅಪ್ಪ ಟೋಪಿ ತೆಗೆದು ಹಳಿಯ ಮೇಲೆಯೇ ಕುಳಿತುಬಿಟ್ಟರು.

ಅಂದಿನಿಂದ ಪೆರಿಟನ್ನಿನಲ್ಲಿ ಎಲ್ಲರೂ ಇಳಿಯಬೇಕು. ಜನ ಇಳಿಯಬೇಕು, ಪೆಟ್ಟಿಗೆಗಳು ಇಳಿಯಬೇಕು, ಹಂದಿಗಳು ಇಳಿಯಬೇಕು. ಎಲ್ಲವೂ ಪ್ಲಾಟ್‌ಫಾರ್ಮಿನ ಈ ಬದಿಯಿಂದ ಆ ಬದಿಗೆ ನಡೆದು ಬೇರೆ ರೈಲು ಹತ್ತಬೇಕು. ಅದಕ್ಕೆ ಕೂಲಿಗಳು ಬೇಕು, ಗಾಡಿಗಳು ಬೇಕು, ಮಲಗಲು ಹೋಟೆಲು ಬೇಕು. ಅಷ್ಟು ಹೊತ್ತಿನಲ್ಲಿ ಹಸಿವಾಗದೆ ಇರುತ್ತದೆಯೇ? ಊಟವೂ ಬೇಕು. ಹಾಗೆ, ನಾಲ್ಕು ಮನೆಯ ಪೆರಿಟನ್ನು ಒಂದು ಊರಾಯಿತು. ನಿಲ್ದಾಣದ ಊಟದ ಕೋಣೆ ನನ್ನದಾಯಿತು.

ಇಷ್ಟು ದೊಡ್ಡ ಮನೆಯ ಮಗಳು ನಿಲ್ದಾಣದಲ್ಲಿ ಊಟ ಬಡಿಸುವುದೇಕೆ ಎಂದರೆ, ನಾನು ಕಾರ್ಮಾಕ್ ಗೆರಟಿಯನ್ನು ಮದುವೆಯಾದೆ. ಅವನು ಆಗ ನಮ್ಮದೇ ರೈಲಿನ ಮಾಡಿನ ಮೇಲೆ ಓಡಾಡಿ ಬ್ರೇಕು ತಿರುಗಿಸುವ ಐರಿಷ್ ಹುಡುಗ. ಬಡವ ಎಂಬುದನ್ನು ಅಪ್ಪ ಸಹಿಸುತ್ತಿದ್ದರೋ ಏನೋ. ಪೋಪನ ಕಡೆಯವನು, ಕ್ಯಾಥೊಲಿಕ್ಕನು ಎಂಬುದನ್ನು ಮಾತ್ರ ಸಹಿಸಲಿಲ್ಲ. ಸಾಯುವ ಮುಂಚೆ ಅಮ್ಮನ ಕೈಯನ್ನು ಬೈಬಲ್ಲಿನ ಮೇಲೆ ಇರಿಸಿ, ಅವನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಮಾತು ತೆಗೆದುಕೊಂಡರು. ನಮ್ಮಮ್ಮ ಟೆಂಪರೆನ್ಸ್ ಲಾಥ್ರಪ್ ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಆರಿನ್ ಕೆಟ್ಟವನಲ್ಲ. ಅಪ್ಪನ ಮಣ್ಣು ಮುಗಿಸಿ ಬಂದವನೇ ನಿಲ್ದಾಣದ ಊಟದ ಕೋಣೆಯನ್ನು ನನಗೆ ವಹಿಸಿ, ಕಾರ್ಮಾಕ್‌ಗೆ ಸಾಮಾನು ಇಳಿಸುವ ಕೆಲಸ ಕೊಟ್ಟು, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೋದ.

ಅಮ್ಮ ಮಾತು ಕೊಟ್ಟಿದ್ದು ಮನೆಯ ಹೊಸಿಲಿಗೆ. ನಿಲ್ದಾಣ ಮನೆಯಲ್ಲವಲ್ಲ! ಅದು ಕಂಪನಿಯ ಕಟ್ಟಡ, ಅಂದರೆ ಲಾಥ್ರಪ್‌ರದ್ದು. ರೈಲು ಬದಲಿಸುವ ಪ್ರಯಾಣಿಕರು ಅಲ್ಲಿ ಊಟ ಮಾಡಲೇಬೇಕು, ಬೇರೆ ದಾರಿಯಿಲ್ಲ. ಹೀಗಾಗಿ ಕ್ಲೀವ್‌ಲ್ಯಾಂಡಿನಲ್ಲಿ ಆರಿನ್‌ನ ಮನೆಯಲ್ಲಿದ್ದ ಅಮ್ಮ, ಹಾಲೊವೆಲ್ಲಿನಲ್ಲಿ ಲೂಷಿಯಸ್‌ನ ಮನೆಗೆ ಹೋಗಿಬರಲು ಶುರುಮಾಡಿದರು. ಲೂಷಿಯಸ್‌ನ ಮಗುವಿಗೆ ಹಲ್ಲು ಬರುತ್ತಿದೆಯೆಂದು ಒಂದು ಸಲ, ಅದೇ ಹಲ್ಲು ಬಿದ್ದಿದೆಯೆಂದು ಇನ್ನೊಂದು ಸಲ. ಹೋಗುವಾಗ ಪೆರಿಟನ್ನಿನಲ್ಲಿ ಇಳಿಯುವರು, ಬರುವಾಗ ಇಳಿಯುವರು. ಕಿಟಕಿಯ ಪಕ್ಕದ ಮೇಜಿನಲ್ಲಿ ಬಿಗಿಯಾಗಿ ಕುಳಿತು, "ಈ ಊಟದ ಕೋಣೆಯವರು ಕಾಫಿಗೆ ನೀರು ಜಾಸ್ತಿ ಹಾಕ್ತಾರೆ" ಎಂದು ಗೋಡೆಗೆ ಹೇಳುವರು. ನಾನು ತಟ್ಟೆ ಇಡುವ ನೆಪದಲ್ಲಿ ಬಳಿ ನಿಂತರೆ ಮೇಜಿನ ಬಟ್ಟೆಯ ಕೆಳಗೆ ನನ್ನ ಕೈ ಹಿಡಿದುಕೊಳ್ಳುವರು. ಗಂಟೆ ಹೊಡೆದಾಗ ಬಿಡುವರು. ಅಮ್ಮ ಬಂದಾಗಲೆಲ್ಲ ಕಾರ್ಮಾಕ್ ಹಂದಿಗಳನ್ನು ಅಟ್ಟುವ ನೆಪ ಮಾಡಿ ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಹೋಗಿಬಿಡುತ್ತಿದ್ದ. ನನಗೂ ಅಮ್ಮನಿಗೂ ಇದ್ದ ನಂಟೆಲ್ಲ ಅಷ್ಟೇ, ಎರಡು ರೈಲುಗಳ ನಡುವಿನ ಹೊತ್ತು. ಅಣ್ಣತಮ್ಮಂದಿರು ದೊಡ್ಡ ಮನುಷ್ಯರು, ಇದು ಅವರ ಗಮನಕ್ಕೆ ಬರಲೇ ಇಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ, ಒಮ್ಮೆ ಸೇಬು ಕೊಯ್ಯುವ ಕಾಲಕ್ಕೆ ಆರಿನ್, ಲೂಷಿಯಸ್ ಇಬ್ಬರೂ ಅಮ್ಮನನ್ನು ಕರೆದುಕೊಂಡು ನನ್ನ ಊಟದ ಕೋಣೆಗೆ ಬಂದರು. ಮಧ್ಯಾಹ್ನದ ರೈಲು ಹೋಗಿತ್ತು, ಕೋಣೆ ಖಾಲಿಯಿತ್ತು. ಆರಿನ್ ಕುಳಿತವನೇ ಮೇಜಿನ ಮೇಲೆ ನನ್ನ ಚಾಕು, ಚಮಚಗಳನ್ನು ಸಾಲಾಗಿ ಇಡತೊಡಗಿದ.

"ನೋಡು ಹೆಪ್ಸಿ, ಇದು ನನ್ನ ಹಳಿ. ಇದು ಈ ಮಹಾನುಭಾವನ ಹಳಿ."

"ಈಗಷ್ಟೇ ತೊಳೆದಿಟ್ಟಿದ್ದೀನಿ ಅಣ್ಣ. ಬೆರಳಚ್ಚು ಮೂಡಿಸ್ಬೇಡ."

"ಕೇಳು. ಇವನ ಕಡೆಯ ಒಂದು ಹಳಿ ಕಿತ್ತು ಹೀಗೆ ಒಳಗೆ ಸರಿಸ್ತೀವಿ. ಉದ್ದಕ್ಕೂ ಆಳು ನಿಲ್ಲಿಸಿ ಒಂದೇ ದಿನದಲ್ಲಿ ಮುಗಿಸಿಬಿಡ್ತೀವಿ. ಮಾರನೇ ದಿನ ಕ್ಲೀವ್‌ಲ್ಯಾಂಡಲ್ಲಿ ಹತ್ತಿದೋರು ಹಾಲೊವೆಲ್ಲಲ್ಲೇ ಇಳಿಯೋದು. ನಡುವೆ ಎಲ್ಲೂ ನಿಲ್ಲಲ್ಲ."

ನಾನು ಬಾಯಿ ತೆರೆಯುವ ಮೊದಲೇ ಲೂಷಿಯಸ್ ಅಳುಮೋರೆ ಹಾಕಿಕೊಂಡ. ಅವನು ಆಗ ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯ ಚುನಾವಣೆಗೆ ನಿಂತಿದ್ದ. ಪೆರಿಟನ್ನಿನ ಚೌಕದಲ್ಲಿ ಪೀಪಾಯಿಯ ಮೇಲೆ ನಿಂತು, ತನ್ನ ಹೆಣದ ಮೇಲೆ ಹಳಿ ಹಾಕಬೇಕೇ ಹೊರತು ಈ ಊರಿನಲ್ಲಿ ರೈಲು ನಿಲ್ಲದೆ ಹೋಗಲು ಬಿಡುವುದಿಲ್ಲ ಎಂದು ಕೂಗಿ ಬಂದಿದ್ದ. ಕ್ಲೀವ್‌ಲ್ಯಾಂಡಿನಲ್ಲಿ ಮಾಡಿದ ಭಾಷಣದಲ್ಲಿ ಒಂದೇ ಹಳಿ, ಒಂದೇ ಓಟ, ಅದೇ ತನ್ನ ಗುರಿ ಎಂದಿದ್ದ.

"ಅಕ್ಕ, ನೀನಾದ್ರೂ ಹೇಳು ಇವನಿಗೆ. ಚುನಾವಣೆ ಮುಗಿಯೋವರೆಗೆ ತಡೀಲಿ. ಈ ಊರೋರು ನನಗೆ ಡಾಂಬರು ಬಳಿದು ಕೋಳಿಪುಕ್ಕ ಅಂಟಿಸ್ತಾರೆ."

"ಅಂಟಿಸ್ಲಿ ಬಿಡು, ಚಳಿಗಾಲ ಬರ್ತಿದೆ," ಎಂದ ಆರಿನ್.

"ಅಲ್ವೋ ಲೂಷಿ, ಎರಡು ಊರಲ್ಲಿ ಎರಡು ಮಾತಾಡೋವಾಗ ನಡುವೆ ರೈಲು ಓಡುತ್ತೆ ಅಂತ ನೆನಪಿರ್ಲಿಲ್ವಾ ನಿನಗೆ?" ಎಂದು ಕೇಳಿದೆ.

"ಮಾತು ಬೇಗ ಹೋಗಲ್ಲ ಅಕ್ಕ, ಪೆರಿಟನ್ನಲ್ಲಿ ಇಳಿದು ರೈಲು ಬದಲಾಯಿಸ್ಬೇಕಲ್ಲ," ಎಂದು ಆ ಸಂಕಟದಲ್ಲೂ ನಕ್ಕ. ಅವನು ರಾಜಕೀಯದಲ್ಲಿ ಗೆಲ್ಲುತ್ತಿದ್ದದ್ದು ಈ ಗುಣದಿಂದಲೇ.

ಆರಿನ್ ನನ್ನ ಕಡೆ ತಿರುಗಿದ. "ನಿನಗೆ ನಷ್ಟ ಆಗೋಕೆ ಬಿಡಲ್ಲ ಹೆಪ್ಸಿ. ಕ್ಲೀವ್‌ಲ್ಯಾಂಡಿಗೆ ಬಂದ್ಬಿಡು. ದೊಡ್ಡ ಹೋಟೆಲು ಹಾಕಿಕೊಡ್ತೀನಿ, ಗಾಜಿನ ದೀಪದ್ದು. ಕಲ್ಲಿದ್ದಲಿನ ಗಾಡಿ ಇಲ್ಲಿ ನಿಂತು ನಿಂತು ಕಂಪನಿ ಸೊರಗ್ತಿದೆ. ಅದೂ ಹೋಗ್ಲಿ. ಅಮ್ಮನ್ನ ನೋಡು. ಈ ವಯಸ್ಸಲ್ಲಿ, ಆ ಸೊಂಟ ಇಟ್ಕೊಂಡು, ಮಳೇಲಿ, ಹಿಮದಲ್ಲಿ ಇಲ್ಲಿ ಇಳಿದು ಹತ್ತಿ ಸಾಯ್ತಾರೆ. ಒಂದೇ ಸೀಟಲ್ಲಿ ಕೂತು ಮಗನ ಮನೆಯಿಂದ ಮಗನ ಮನೆಗೆ ಹೋಗಲಿ ಅಂತ ನನಗೆ ಆಸೆ. ಮಖಮಲ್ಲಿನ ಸೀಟು ಮಾಡಿಸಿದ್ದೀನಿ."

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನೋಡಿ ನನಗೆ ಅವನ ತಲೆಗೆ ಸೌಟಿನಿಂದ ಹೊಡೆಯಬೇಕೆನ್ನಿಸಿತು. ಬಾಯಿಬಿಟ್ಟು ಹೇಳೋಣವೆಂದರೆ ಅಮ್ಮ ಬೈಬಲ್ಲಿನ ಮಾತಿಗೆ ಸಂದಿ ಹುಡುಕಿಕೊಂಡ ವಿಷಯ ಮಕ್ಕಳ ಎದುರು ಬಯಲಾಗುತ್ತದೆ. ಹೇಳುವುದಿದ್ದರೆ ಅಮ್ಮನೇ ಹೇಳಬೇಕು. ನಾನು ಅಮ್ಮನನ್ನೇ ನೋಡಿದೆ.

ಅಮ್ಮ ಪೈ ತುಂಡನ್ನು ಅಚ್ಚುಕಟ್ಟಾಗಿ ಮುಗಿಸಿ ಬಾಯಿ ಒರೆಸಿಕೊಂಡರು. "ಕಲ್ಲಿದ್ದಲಿಗೋಸ್ಕರ ಅನ್ನು ಆರಿನ್, ನನ್ನ ಸೊಂಟದ ಮೇಲೆ ಹಾಕ್ಬೇಡ. ಮಾಡೋದಾದ್ರೆ ಮಾಡಿ. ಇನ್ನೆಷ್ಟು ವರ್ಷ ಊರೋರ ಕೈಲಿ ನಗಿಸ್ಕೊಳ್ಳೋದು?"

ಅಷ್ಟೇ. ಕಂಪನಿಯಲ್ಲಿ ಅಮ್ಮನ ಪಾಲು ದೊಡ್ಡದು, ಅವರು ಹ್ಞೂ ಎಂದರೆ ಮುಗಿಯಿತು. ಹೊರಡುವಾಗ ಅವರ ಶಾಲು ಹೊದಿಸುತ್ತ ಕಿವಿಯಲ್ಲಿ ಕೇಳಿದೆ, "ಅಮ್ಮ, ಆಮೇಲೆ ನೀನಿಲ್ಲಿ ಇಳಿಯೋದು ಹೇಗೆ?"

"ಪೈ ತಳ ಹಸಿಯಾಗಿತ್ತು. ಒಲೆ ಇನ್ನೂ ಕಾಯ್ಬೇಕು," ಎಂದು ಹೇಳಿ ಹೊರಟುಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಖಮಲ್ಲಿನ ಸೀಟಿಗೆ ಮಗಳನ್ನು ಮಾರಿಕೊಂಡಳಲ್ಲ ಎಂದು ಕಾರ್ಮಾಕ್‌ನ ಮುಂದೆ ಕೂಗಾಡಿದೆ. ಅತ್ತುಬಿಟ್ಟೆ. ಮತ್ತೆ ಕೂಗಾಡಿದೆ. ಅವನು ಹೆಚ್ಚು ಮಾತಿನವನಲ್ಲ. ಬೂಟಿನ ಮಣ್ಣು ಕೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಹೊಸಿಲು ಕಿತ್ತು ಹಾಕ್ಬಿಡ್ಲಾ?" ಎಂದ.

"ಏನು?"

"ಹೊಸಿಲು ತುಳಿಯಲ್ಲ ಅಂತ ತಾನೆ ಮಾತು ಕೊಟ್ಟಿರೋದು? ಹೊಸಿಲೇ ಇಲ್ದಿದ್ರೆ ತುಳಿಯೋದೆಲ್ಲಿ ಬಂತು? ಕೊಡಲಿ ಇದೆ."

ಅಳುತ್ತಲೇ ನಗು ಬಂತು. ಹೀಗೆ ನಗಿಸುತ್ತಾನೆಂದೇ ನಾನು ಅವನನ್ನು ಕಟ್ಟಿಕೊಂಡದ್ದು.

ಹಳಿ ಸರಿಸುವ ದಿನ ಬೆಳಗಾಗುವ ಮುಂಚೆಯೇ ಆಳುಗಳು ಬಂದರು. ಪೆರಿಟನ್ನಿನವರೂ ಸುಮ್ಮನೆ ಕೂರಲಿಲ್ಲ. ಗಂಡಸರು ಹಾರೆ ಹಿಡಿದು ಬಂದರು. ಹೆಂಗಸರು ಹೋಟೆಲಿನ ಜೆರೆಲ್ಡಾಳನ್ನು ಮುಂದೆ ಮಾಡಿಕೊಂಡು ಮೊಟ್ಟೆಬುಟ್ಟಿ ಹಿಡಿದು ಬಂದರು. ಜೆರೆಲ್ಡಾ ಎಂದರೆ ಎತ್ತರಕ್ಕೂ ಅಗಲಕ್ಕೂ ಒಂದೇ ಅಳತೆಯ ಹೆಂಗಸು, ಅವಳ ಹೋಟೆಲಿನ ಹಾಸಿಗೆಗಳೂ ರೈಲು ತಪ್ಪಿಸಿಕೊಂಡವರಿಂದಲೇ ತುಂಬುತ್ತಿದ್ದವು.

"ಹೆಪ್ಸಿ, ನೀನು ಯಾರ ಕಡೆ? ಅಣ್ಣನ ಕಡೆಯೋ, ನಮ್ಮ ಕಡೆಯೋ?" ಎಂದು ಎಲ್ಲರೆದುರು ಕೇಳಿದಳು.

"ನನ್ನ ಹೊಟ್ಟೆ ನಿನಗಿಂತ ಹೆಚ್ಚು ಉರೀತಿದೆ ಜೆರೆಲ್ಡಾ. ಆರಿನ್‌ಗೆ ಮೊಟ್ಟೆ ಹೊಡಿ, ನಾನೇ ಕೊಳೆತದ್ದು ಆರಿಸಿ ಕೊಡ್ತೀನಿ. ಹಳಿಗೆ ಮಾತ್ರ ಯಾರೂ ಹಾರೆ ಹಾಕ್ಕೂಡದು. ಹಳಿ ಕಿತ್ತರೆ ಸಾಯೋದು ಆರಿನ್ ಅಲ್ಲ, ಬ್ರೇಕು ತಿರುಗಿಸೋ ಹುಡುಗರು. ನನ್ನ ಗಂಡ ಆ ಕೆಲಸ ಮಾಡಿದೋನು. ಹಾರೆ ಹಾಕಿದೋರಿಗೆ ನನ್ನ ಕೋಣೇಲಿ ಇನ್ನು ಕಾಫಿ ಇಲ್ಲ."

ಗೊಣಗಾಡಿಕೊಂಡೇ ಹಾರೆ ಕೆಳಗಿಟ್ಟರು. ಸಂಜೆಯ ಹೊತ್ತಿಗೆ ಅಗಲದ ಹಳಿ ಒಳಗೆ ಸರಿದಿತ್ತು. ಎರಡೂ ಹಳಿಗಳು ಒಂದಾಗಿ ನನ್ನ ಕಿಟಕಿಯ ಮುಂದೆ ನೆಟ್ಟಗೆ ಹೊರಟುಹೋಗಿದ್ದವು. ನೋಡಲು ಚೆನ್ನಾಗಿಯೇ ಇತ್ತು, ಅದರಿಂದಲೇ ನನಗೆ ಇನ್ನಷ್ಟು ಸಂಕಟವಾಯಿತು.

ಮಾರನೆಯ ದಿನ ಮೊದಲ ನೇರ ರೈಲು. ಆರಿನ್ ಶಾಸನಸಭೆಯವರನ್ನು, ಪಕ್ಷದ ಹಿರಿಯರನ್ನು, ಪತ್ರಿಕೆಯವರನ್ನು ತುಂಬಿಸಿಕೊಂಡು ಕ್ಲೀವ್‌ಲ್ಯಾಂಡಿನಿಂದ ಹೊರಟಿದ್ದ. ಲೂಷಿಯಸ್ ಇದ್ದ, ಅಮ್ಮ ಮಖಮಲ್ಲಿನ ಸೀಟಿನಲ್ಲಿದ್ದರು. ಪೆರಿಟನ್ನಿನಲ್ಲಿ ನಿಲ್ಲದೆ ಹೋಗುವುದೇ ಆ ರೈಲಿನ ಹೆಚ್ಚುಗಾರಿಕೆ.

ನಾನು ಒಲೆ ಹಚ್ಚುವುದಿಲ್ಲವೆಂದು ಮಲಗುವಾಗ ಶಪಥ ಮಾಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಕೈ ತಾನಾಗಿ ಹಿಟ್ಟು ಕಲಸುತ್ತಿತ್ತು. ಸರಿ, ಯಾರೂ ತಿನ್ನದಿದ್ದರೆ ಊರಿಗೆಲ್ಲ ಹಂಚಿಬಿಡೋಣ, ಕೊನೆಯ ಊಟ ಎಂದುಕೊಂಡೆ. ಹೊಗೆ ಕೊಟ್ಟ ಹಂದಿಯ ತೊಡೆ ಬೇಯಿಸಿದೆ, ಕೋಳಿಸಾರಿಗೆ ಹಿಟ್ಟಿನ ಉಂಡೆ ಬಿಟ್ಟೆ, ಆಲೂಗಡ್ಡೆ ಬೆಣ್ಣೆ ಹಾಕಿ ಹಿಸುಕಿದೆ, ಮೆಕ್ಕೆಜೋಳದ ಬ್ರೆಡ್ಡು ಮಾಡಿದೆ, ಸೇಬಿನ ಪೈಗಳನ್ನು ಕಿಟಕಿಯುದ್ದಕ್ಕೂ ಆರಲಿಟ್ಟೆ. ತಳ ಹಸಿಯಿರದಂತೆ ಒಲೆಯನ್ನು ಚೆನ್ನಾಗಿ ಕಾಯಿಸಿದ್ದೆ, ಅದು ಮಾತ್ರ ಹಟದಿಂದ.

ಹೊತ್ತು ನೆತ್ತಿಗೆ ಬಂದಾಗ ರೈಲಿನ ಕೂಗು ಕೇಳಿತು. ಊರಿಗೆ ಊರೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ರೈಲು ಬಂತು. ಬಾವುಟಗಳು, ಬ್ಯಾಂಡು, ಕಿಟಕಿಗಳಲ್ಲಿ ಬೀಸುವ ಕೈಗಳು. ವೇಗ ಕಡಿಮೆ ಮಾಡದೆ ನಮ್ಮೆಲ್ಲರ ಮುಖಕ್ಕೆ ಹೊಗೆ ಉಗುಳುತ್ತ ದಾಟಿಹೋಯಿತು. ಆರಿನ್ ಹಿಂದಿನ ಡಬ್ಬಿಯ ಕಟಾಂಜನ ಹಿಡಿದು ನಿಂತು ಟೋಪಿ ಬೀಸಿದ. ಒಂದು ಕಿಟಕಿಯಲ್ಲಿ ಅಮ್ಮನ ಕಪ್ಪು ಟೋಪಿ ಕಂಡಿತು. ಅವರ ಕಣ್ಣು ನನ್ನ ಮೇಲೆ ಹಾಯ್ದರೂ ನಿಲ್ಲಲಿಲ್ಲ. ತಲೆಯೆತ್ತಿ ಡಬ್ಬಿಯ ಮಾಡನ್ನು ನೋಡತೊಡಗಿದರು.

ಇಷ್ಟೇ ಎಂದುಕೊಂಡೆ. ನಾನು ಹುಟ್ಟಿದ ಮನೆ ನನ್ನ ಕಣ್ಣೆದುರೇ ನಿಲ್ಲದೆ ಹೋಯಿತು ಎಂದುಕೊಂಡೆ. ಒಳಗೆ ಹೋಗಲು ತಿರುಗಿದ್ದೆ, ಆಗ ಹಳಿ ಕಿರುಚಿತು.

ರೈಲು ನೀರಿನ ತೊಟ್ಟಿಯನ್ನು ದಾಟಿ, ಹಂದಿದೊಡ್ಡಿಯ ಪಕ್ಕದಲ್ಲಿ ಜರ್ರನೆ ನಿಂತಿತು. ಬ್ಯಾಂಡಿನವರ ಡೋಲು ಉರುಳಿದ ಸದ್ದು ನಮ್ಮವರೆಗೂ ಕೇಳಿತು. ಆಮೇಲೆ ಗೊತ್ತಾಯಿತು, ಡ್ರೈವರನಿಗೆ ನಿಲ್ಲಿಸೆಂದು ಗಂಟೆ ಹೊಡೆಯಲು ಡಬ್ಬಿಗಳ ಮಾಡಿನ ಒಳಬದಿಯುದ್ದಕ್ಕೂ ಕಟ್ಟಿರುತ್ತಾರಲ್ಲ ಹಗ್ಗ, ಅದನ್ನು ಅಮ್ಮ ತಮ್ಮ ಊರುಗೋಲಿನ ಕೊಕ್ಕೆಯಿಂದ ಹಿಡಿದು ಎಳೆದಿದ್ದರು. ಒಮ್ಮೆಯಲ್ಲ, ರೈಲು ನಿಲ್ಲುವವರೆಗೂ ಎಳೆದಿದ್ದರು.

ಕಂಡಕ್ಟರ್ ಮೆಟ್ಟಿಲು ಇಳಿಸಿದ. ಅಮ್ಮ ಇಳಿದರು. ಹಳಿಯ ಪಕ್ಕದ ಜಲ್ಲಿಯ ಮೇಲೆ ಊರುಗೋಲು ಊರಿಕೊಂಡು ಹಿಂದಕ್ಕೆ ನಡೆದು ಬರತೊಡಗಿದರು. ಪಕ್ಕದಲ್ಲಿ ಆರಿನ್ ಬರಿತಲೆಯಲ್ಲಿ ಓಡಿ ಬರುತ್ತಿದ್ದ.

"ಅಮ್ಮ, ಇಲ್ಲಿ ಇಳಿಯೋ ಹಾಗಿಲ್ಲ! ಇದು ನಿಲ್ಲೋ ರೈಲಲ್ಲ!"

"ನಿಂತಿದೆಯಲ್ಲ."

"ನೀವು ನಿಲ್ಲಿಸಿದ್ದಕ್ಕೆ ನಿಂತಿದೆ! ಪತ್ರಿಕೆಯೋರು ನೋಡ್ತಿದ್ದಾರೆ ಅಮ್ಮ, ಏನು ಬರೀತಾರೆ ನಾಳೆ?"

"ಲಾಥ್ರಪ್‌ರ ರೈಲಿಗೆ ಒಳ್ಳೇ ಬ್ರೇಕ್ ಇದೆ ಅಂತ ಬರೀಲಿ."

ಅಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ಗಾಳಿ ನಮ್ಮ ಕಡೆಯಿಂದ ರೈಲಿನ ಕಡೆಗೆ ಬೀಸುತ್ತಿತ್ತು. ಕಿಟಕಿಯಲ್ಲಿ ಆರುತ್ತಿದ್ದ ಪೈ, ಹಂದಿಯ ತೊಡೆ, ಬೆಣ್ಣೆ, ಕಾಫಿ ಎಲ್ಲದರ ಘಮ ಹಂದಿದೊಡ್ಡಿಯ ವಾಸನೆಯನ್ನೂ ದಾಟಿ ಡಬ್ಬಿಗಳೊಳಗೆ ಹೊಕ್ಕಿತು. ಆ ರೈಲಿನಲ್ಲಿ ಒಂದು ಬಿಸ್ಕತ್ತು ಕೂಡ ಇರಲಿಲ್ಲ! ಇಂಜಿನ್ನು, ಹಳಿ, ಸೇತುವೆ, ಬಾವುಟ, ಭಾಷಣ ಎಲ್ಲವನ್ನೂ ಯೋಚಿಸಿದ್ದ ನನ್ನ ಅಣ್ಣತಮ್ಮಂದಿರು ಊಟದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆ ದಾರಿಯಲ್ಲಿ ಮಧ್ಯಾಹ್ನದ ಊಟ ಎಂದರೆ ಪೆರಿಟನ್ನು. ಅಷ್ಟು ವರ್ಷ ಅದು ತಾನಾಗಿ ಆಗುತ್ತಿತ್ತು, ಆದ್ದರಿಂದ ಅದನ್ನು ಯಾರೋ ಮಾಡುತ್ತಾರೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

ಘಮ ಹಿಡಿದು ಮೊದಲು ಇಳಿದವರು ಪಕ್ಷದ ಅಧ್ಯಕ್ಷ ವಿಪ್ಲ್. ಗುಡಾಣದಂಥ ಮನುಷ್ಯ. "ಲಾಥ್ರಪ್‌ರೇ, ನಿಮ್ಮ ಎರಡು ಹಳಿ ಒಂದಾಯ್ತು, ಬಹಳ ಸಂತೋಷ. ಆದ್ರೆ ನನ್ನ ಹೊಟ್ಟೆ ಬೆನ್ನೂ ಒಂದಾಗ್ತಿದೆ. ಆ ಪೈ ಯಾರದ್ದು?" ಎಂದವರೇ ಉತ್ತರಕ್ಕೆ ಕಾಯದೆ ಹೊರಟರು. ಅವರ ಹಿಂದೆ ಶಾಸನಸಭೆಯವರು, ಪತ್ರಿಕೆಯವರು, ಕಹಳೆ ಕಂಕುಳಲ್ಲಿಟ್ಟುಕೊಂಡ ಬ್ಯಾಂಡಿನವರು, ಕೊನೆಗೆ ಡ್ರೈವರ್ ಕೂಡ. ಓಹಾಯೋ ಸರ್ಕಾರದ ಅರ್ಧ ಭಾಗ ಹಂದಿದೊಡ್ಡಿಯ ಪಕ್ಕದ ಕೆಸರಿನಲ್ಲಿ ಪ್ಯಾಂಟು ಎತ್ತಿ ಹಿಡಿದುಕೊಂಡು ನನ್ನ ಕೋಣೆಯ ಕಡೆ ಬರುತ್ತಿತ್ತು.

ಲೂಷಿಯಸ್‌ಗೆ ದೇವರು ಬುದ್ಧಿ ಕೊಟ್ಟಿಲ್ಲದಿದ್ದರೂ ಸಮಯ ಕಾಣುವ ಕಣ್ಣು ಕೊಟ್ಟಿದ್ದಾನೆ. ಎಲ್ಲರಿಗಿಂತ ಮುಂದೆ ಓಡಿಬಂದು ಪ್ಲಾಟ್‌ಫಾರ್ಮಿನಲ್ಲಿದ್ದ ಪೀಪಾಯಿ ಹತ್ತಿದ.

"ಪೆರಿಟನ್ನಿನ ಮಹಾಜನರೇ! ರೈಲು ಇಲ್ಲಿ ನಿಲ್ಲುತ್ತೆ ಅಂತ ನಾನು ಹೇಳಿದ್ನೋ ಇಲ್ವೋ?"

ಅಂದೂ ಮೊಟ್ಟೆಬುಟ್ಟಿ ತಂದಿದ್ದ ಜೆರೆಲ್ಡಾ ಮೊಟ್ಟೆ ಹಿಡಿದ ಕೈಯೆತ್ತಿದಳು. ಗುರಿಯಿಟ್ಟಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾಗದೆ ಮೊಟ್ಟೆಯನ್ನು ಬುಟ್ಟಿಗೆ ಹಾಕಿ, "ಇಳಿಯೋ ಕೆಳಗೆ, ಈ ಮೊಟ್ಟೆ ಬೇಯಿಸಿ ಕೊಡ್ತೀನಿ, ತಿನ್ನುವಂತೆ," ಎಂದಳು. ಊರಿಗೆ ಊರೇ ನಕ್ಕಿತು. ಆರಿನ್ ಮಾತ್ರ ನಗಲಿಲ್ಲ. ಒಮ್ಮೆ ಖಾಲಿ ರೈಲನ್ನೂ, ಒಮ್ಮೆ ತುಂಬುತ್ತಿದ್ದ ನನ್ನ ಕೋಣೆಯನ್ನೂ ನೋಡುತ್ತ, "ಊಟಕ್ಕೊಂದು ನಿಲುಗಡೆ ಇಡ್ಬೇಕಾಗುತ್ತೆ," ಎಂದು ತನಗೇ ಹೇಳಿಕೊಂಡ. ವ್ಯಾಪಾರದಲ್ಲಿ ಅವನು ಜಾಣ, ಒಮ್ಮೆ ಮೂಗಿಗೆ ಬಡಿದರೆ ಸಾಕು.

ನನ್ನ ಒಲೆ ಉಳಿಯಿತು. ಆದರೆ ನನಗೆ ಆಗ ಅದರ ಗಮನವೇ ಇರಲಿಲ್ಲ. ನಾನು ನೂಕುನುಗ್ಗಲಿನಲ್ಲಿ ಓಡಿ ಕಿಟಕಿಯ ಪಕ್ಕದ ಮೇಜಿನ ಕುರ್ಚಿ ಎಳೆದು, ವಿಪ್ಲ್ ಸಾಹೇಬರನ್ನು ಅಲ್ಲಿಂದ ಎಬ್ಬಿಸಿ, ಬಾಗಿಲಲ್ಲಿ ಅಮ್ಮನಿಗಾಗಿ ಕಾದು ನಿಂತೆ. ಅಮ್ಮ ಬಂದರು. ಬಾಗಿಲ ಮುಂದೆ ನಿಂತು ಉಸಿರು ಬಿಟ್ಟರು.

"ಬಾ ಅಮ್ಮ, ನಿನ್ನ ಕುರ್ಚಿ ಇಟ್ಟಿದ್ದೀನಿ."

"ಅದು ಪ್ರಯಾಣಿಕರು ಕೂರೋ ಜಾಗ. ನಿನ್ನ ಮನೆ ಎಲ್ಲಿ?"

ಕೋಣೆಯ ಹಿಂದಿನ ಸೌದೆರಾಶಿಯ ಆಚೆಗೆ ಕೈ ತೋರಿಸಿದೆ. ಅಮ್ಮ ಆ ಕಡೆ ಹೊರಟರು. ಆರಿನ್ ಹಿಂದೆಯೇ ಬಂದ.

"ಅಮ್ಮ, ಅಪ್ಪನಿಗೆ ಕೊಟ್ಟ ಮಾತು! ಬೈಬಲ್ ಮುಟ್ಟಿ ಕೊಟ್ಟಿದ್ದು..."

"ನಿಮ್ಮಪ್ಪನ ಹತ್ರ ನಾನು ಮಾತಾಡ್ಕೊಳ್ತೀನಿ. ಮೇಲೆ ಹೋದ್ಮೇಲೆ ಬೇಕಾದಷ್ಟು ಹೊತ್ತಿರುತ್ತೆ. ಇಲ್ಲಿದ್ದಾಗಲೂ ಮಾತಲ್ಲಿ ಗೆದ್ದೋಳು ನಾನೇ."

ಆರಿನ್ ನಿಂತುಬಿಟ್ಟ. ಅವನ ಮುಖದಲ್ಲಿ ಏನೋ ನಿಧಾನವಾಗಿ ಬೆಳಗಾದಂತೆ ಕಂಡಿತು. "ಅಂದ್ರೆ... ಇಷ್ಟು ವರ್ಷ ನೀವು ಲೂಷಿ ಮನೆಗೆ ಹೋಗ್ತಿದ್ದದ್ದು..."

"ಲೂಷಿ ಮನೇಲಿ ಏನಿದೆ ನನಗೆ? ಅವನ ಹೆಂಡತಿ ಪಿಯಾನೊ ಬಾರಿಸ್ತಾಳೆ." ಅಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಇಷ್ಟುದ್ದ ರೈಲು ಓಡಿಸ್ತೀಯ, ಯಾರು ಎಲ್ಲಿ ಇಳೀತಾರೆ ಅಂತ ನೋಡಲ್ಲ. ಹೋಗು, ಊಟ ಮಾಡು."

"ಮತ್ತೆ ಯಾಕಮ್ಮ ಅವತ್ತು 'ಮಾಡಿ' ಅಂದೆ?" ನಾನು ಕೇಳಿದೆ. "ಎಷ್ಟು ಅತ್ತಿದ್ದೀನಿ ಗೊತ್ತಾ ನಿನಗೆ?"

ಅಮ್ಮ ನನ್ನ ಕಡೆ ತಿರುಗಿದರು. ಎಂದೂ ಕಾಣದ ದಣಿವು ಆ ಮುಖದಲ್ಲಿತ್ತು. "ಮಗಳ ಕೈಯನ್ನ ಮೇಜಿನ ಬಟ್ಟೆ ಕೆಳಗೆ ಹಿಡ್ಕೊಳ್ಳೋದು ಸಾಕಾಗಿತ್ತು ಹೆಪ್ಸಿ. ರೈಲು ತಾನಾಗಿ ನಿಲ್ತಿದ್ದಷ್ಟು ದಿನ ನನಗೆ ಧೈರ್ಯ ಬರ್ತಿರ್ಲಿಲ್ಲ. ನಿಲ್ಲದೆ ಹೋದ್ರೆ ಬರುತ್ತೇನೋ ಅಂತ ಕಾದೆ. ನೀನು ಅಲ್ಲಿ ನಿಂತಿದ್ದು ಕಾಣಿಸ್ತು, ದಾಟಿಹೋಯ್ತು. ಆಗ ಬಂತು."

ಮನೆಯ ಬಾಗಿಲು ತೆರೆದಿತ್ತು. ಹಂದಿಗಳನ್ನು ದೊಡ್ಡಿಗೆ ಸೇರಿಸಿ ಕೈ ತೊಳೆಯಲು ಬಂದಿದ್ದ ಕಾರ್ಮಾಕ್ ನಮ್ಮನ್ನು ಕಂಡವನೇ ಹಿತ್ತಿಲ ಕಡೆ ಜಾರಿಕೊಳ್ಳಲು ನೋಡಿದ.

"ನಿಂತ್ಕೊಳ್ಳಿ, ಅಳಿಯಂದ್ರೇ," ಎಂದರು ಅಮ್ಮ.

ಅವನು ನಿಂತ. ಟೋಪಿ ತೆಗೆದ. ಮೈಮೇಲೆಲ್ಲ ಕೆಸರು, ಹುಲ್ಲು, ಹಂದಿಯ ನಾತ. "ನಾನು ಗಲೀಜಾಗಿದ್ದೀನಿ ಅಮ್ಮ," ಎಂದ. ನನ್ನ ಗಂಡ ನಮ್ಮಮ್ಮನೊಡನೆ ಆಡಿದ ಮೊದಲ ಮಾತು ಅದೇ.

"ನಾನು ಕಾಲುವೆ ದೋಣಿಯೋನ ಹೆಂಡತಿ. ದೋಣಿ ಎಳೆಯೋ ಹೇಸರಗತ್ತೆ ಅಟ್ಟಿದ್ದೀನಿ. ಕೈ ಕೊಡಿ, ನಿಮ್ಮ ಮೆಟ್ಟಿಲು ಎತ್ತರ ಇದೆ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಚಾಚಿದ. ಅಮ್ಮ ಹಿಡಿದುಕೊಂಡು, ಏನೋ ಕಡಿಮೆಯೆನ್ನಿಸಿ ಬಗ್ಗಿ ನೋಡಿದರು. ಎರಡು ಬೆರಳಿರಲಿಲ್ಲ.

"ಏನಾಯ್ತು ಇದು?"

"ಡಬ್ಬಿ ಜೋಡಿಸೋವಾಗ ಹೋಯ್ತಮ್ಮ. ನಮ್ಮ ರೈಲಲ್ಲೇ."

ಅವನು ಎಂದಿನಂತೆ ಸುಮ್ಮನೆ ಹೇಳಿದ, ಅದರಲ್ಲಿ ಕುಹಕವಿರಲಿಲ್ಲ. ಕುಲುಮೆ, ಗಣಿ, ರೈಲು ಎಲ್ಲದರ ಒಡತಿಯಾದ ನಮ್ಮಮ್ಮ ಆ ಕೈಯನ್ನು ತುಂಬಾ ಹೊತ್ತು ನೋಡಿದರು. ನಂತರ ಅದನ್ನೇ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಾಗಲೇ, ಹೊಸಿಲು ದಾಟಿ ಒಳಗೆ ಹೋದರು.

ನಾನು ಅಂಗಳದಲ್ಲಿ ನಿಂತು ಅಳುತ್ತಿದ್ದೆ. ಊಟದ ಕೋಣೆಯಿಂದ ಪೈ ಮುಗಿಯಿತೆಂದು, ಕಾಫಿ ಬೇಕೆಂದು, ಹೆಪ್ಸಿ ಎಲ್ಲಿ ಸತ್ತಳೆಂದು ಜನ ಕೂಗುತ್ತಿದ್ದರು. ಕೂಗಿಕೊಳ್ಳಲಿ ಎಂದು ನನ್ನ ಅಡುಗೆಯ ಏಪ್ರನ್ನಿನ ಅಂಚಿನಿಂದಲೇ ಮುಖ ಒರೆಸಿಕೊಂಡು ಅಮ್ಮನ ಹಿಂದೆ ಒಳಗೆ ಹೋದೆ.